ಸ್ಕೂಬಾ ಮುಗಿಸಿ ಬಂದ ಮೇಲೆ ಕಣ್ಣು ಕೆಂಪಾದರೆ, ಉರಿದರೆ: ಬೋಟು ಹತ್ತುವ ಮೊದಲಿನಿಂದ ಮನೆ ಸೇರುವವರೆಗೆ

ನೇತ್ರಾಣಿ ದ್ವೀಪದಿಂದ ಬೋಟು ಮುರ್ಡೇಶ್ವರದ ಕಡೆ ಮೂತಿ ತಿರುಗಿಸಿತು ಅಂದರೆ ಮೊದಲ ಸಲ ನೀರಿಗಿಳಿದವರ ಮಾತು ನಿಲ್ಲುವುದಿಲ್ಲ. ಹವಳ ನೋಡಿದ್ದು, ಗಿಳಿಮೀನು ನೋಡಿದ್ದು, ಕಿವಿ ಗುಂಯ್ ಅಂದಿದ್ದು. ಆ ಗದ್ದಲದ ನಡುವೆ ಯಾರಾದರೊಬ್ಬರು ಟವೆಲ್ಲಿನ ತುದಿಯಿಂದ ಕಣ್ಣುಜ್ಜುತ್ತಾ ಸುಮ್ಮನೆ ಕೂತಿರುತ್ತಾರೆ. ಏನಾಯ್ತು ಅಂತ ಕೇಳಿದರೆ "ಉಪ್ಪುನೀರು ಹೋಗಿದೆ ಅಷ್ಟೇ" ಅನ್ನುತ್ತಾರೆ.

ಕೆಲವು ವರ್ಷಗಳ ಹಿಂದೆ ಹಾಗೆ ಕೂತವನು ನನ್ನ ತಮ್ಮ. ರೂಮಿಗೆ ಬಂದು ಕನ್ನಡಿ ನೋಡಿಕೊಂಡಾಗ ಎಡಗಣ್ಣಿನ ಬಿಳಿಭಾಗದಲ್ಲಿ ಬಿಳಿಯೇ ಉಳಿದಿರಲಿಲ್ಲ. ಕುಂಕುಮ ಕಲಸಿದ ಹಾಗೆ ಕೆಂಪು. ಕಣ್ಣಿನ ಸುತ್ತ ಮಾಸ್ಕು ಕೂತಿದ್ದ ಜಾಗದಲ್ಲಿ ಊದಿದ ಗುರುತು. ವಿಡಿಯೋ ಕಾಲ್‌ನಲ್ಲಿ ನೋಡಿದ ಅಮ್ಮ "ಯಾರು ಹೊಡೆದ್ರೋ ಮಗಾ" ಅಂತ ಅತ್ತೇಬಿಟ್ಟಳು. ಗಾಬರಿಯಲ್ಲಿ ನಾನು ಮೆಡಿಕಲ್ ಶಾಪಿಗೆ ಓಡಿ "ಕಣ್ಣು ಕೆಂಪಾಗಿದೆ, ಏನಾದ್ರೂ ಕೊಡಿ" ಅಂದೆ. ಒಂದು ಬಾಟಲಿ ಕೊಟ್ಟರು. ಮರುದಿನ ಕಣ್ಣಿನ ಡಾಕ್ಟರು ಆ ಬಾಟಲಿಯ ಮೇಲಿನ ಹೆಸರು ಓದಿ, ಅದನ್ನು ಹಾಕಬೇಡಿ ಅಂತ ತೆಗೆದಿಟ್ಟರು. ಈ ಕೆಂಪು ತಾನಾಗಿಯೇ ಹೋಗುತ್ತದೆ, ಔಷಧಿ ಬೇಡ ಅಂದರು. ಹನ್ನೆರಡು ದಿನಕ್ಕೆ ಕಣ್ಣು ಬೆಳ್ಳಗಾಯಿತು. ಅಷ್ಟು ದಿನವೂ ಆಫೀಸಿನಲ್ಲಿ ಮದ್ರಾಸ್ ಐ ಅಂದುಕೊಂಡು ಜನ ಅವನಿಂದ ದೂರ ಕೂರುತ್ತಿದ್ದರು.

ಆಮೇಲೆ ನಾನೇ ಡೈವಿಂಗ್ ಕಲಿತೆ. ಅಂದಿನಿಂದ ಗೊತ್ತಾಗಿರುವುದು ಇಷ್ಟು: ಕಣ್ಣಿನ ತೊಂದರೆಗೆ ಎಲ್ಲರೂ ಸಮುದ್ರವನ್ನು ದೂರುತ್ತಾರೆ, ಆದರೆ ಹೆಚ್ಚಿನ ಸಲ ಕಾರಣ ಮುಖದ ಮೇಲಿನ ಮಾಸ್ಕು, ಅಂದರೆ ಕಣ್ಣು ಮೂಗು ಎರಡನ್ನೂ ಮುಚ್ಚುವ ಡೈವಿಂಗ್ ಗಾಜು. ಅದನ್ನು ತೊಳೆಯುವ ರೀತಿ, ಹಾಕಿಕೊಳ್ಳುವ ರೀತಿ, ಅದರೊಳಗೆ ಉಸಿರು ಬಿಡುವ ರೀತಿ ಗೊತ್ತಿದ್ದರೆ ತಮ್ಮನಿಗಾದದ್ದು ಯಾರಿಗೂ ಆಗಬೇಕಿಲ್ಲ. ಇನ್ನು ಆಗಿಬಿಟ್ಟರೆ, ಕಾಯಬಹುದಾದದ್ದು ಯಾವುದು, ಆಸ್ಪತ್ರೆಗೆ ಓಡಬೇಕಾದದ್ದು ಯಾವುದು ಅಂತ ತಿಳಿದಿರಬೇಕು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಬೆಳಗ್ಗೆ, ರೂಮಿನಲ್ಲೇ

ತಲೆಗೆ ಎಣ್ಣೆ ಹಚ್ಚಿಕೊಂಡು ಬರಬೇಡಿ. ಹಣೆಯ ಮೇಲೆ ಕೊಬ್ಬರಿ ಎಣ್ಣೆಯ ಜಿಡ್ಡಿದ್ದರೆ ಮಾಸ್ಕಿನ ಸಿಲಿಕೋನ್ ಅಂಚು ಜಾರುತ್ತದೆ, ಜಾರಿದ ಜಾಗದಿಂದ ನೀರು ಒಳಗೆ ಬರುತ್ತದೆ, ಎಣ್ಣೆಯನ್ನೂ ಕಣ್ಣಿಗೆ ಇಳಿಸುತ್ತದೆ. ಕಾಡಿಗೆ, ಮಸ್ಕಾರಾ ಹಾಕಿದ್ದರೆ ಪೂರ್ತಿ ತೆಗೆಯಿರಿ. ದೇವಸ್ಥಾನಕ್ಕೆ ಹೋಗಿ ನೇರವಾಗಿ ಬೋಟಿಗೆ ಬರುವವರು ಮುರ್ಡೇಶ್ವರದಲ್ಲಿ ಬಹಳ. ಹಣೆಯ ವಿಭೂತಿ, ಕುಂಕುಮ ಒರೆಸಿಕೊಂಡು ಮುಖ ತೊಳೆದು ಬನ್ನಿ. ಮಾಸ್ಕಿನೊಳಗೆ ಅದು ಕರಗಿ ಹರಿಯುವುದು ಸೀದಾ ಕಣ್ಣಿಗೇ.

ಸನ್‌ಸ್ಕ್ರೀನ್ ಬಗ್ಗೆ ಹೆಚ್ಚು ಹೇಳಬೇಕು. ಬೋಟಿನಲ್ಲಿ ಕಣ್ಣುರಿ ಅಂದವರನ್ನು ಕೇಳಿ ನೋಡಿದ್ದೇನೆ, ಎಷ್ಟೋ ಸಲ ಅದು ಸಮುದ್ರದ ಉಪ್ಪಲ್ಲ, ಹಣೆಯಿಂದ ಬೆವರಿನ ಜೊತೆ ಇಳಿದ ಸನ್‌ಸ್ಕ್ರೀನ್. ಹಚ್ಚಬೇಡಿ ಅನ್ನುತ್ತಿಲ್ಲ, ಕರಾವಳಿಯ ಬಿಸಿಲಿಗೆ ಅದು ಬೇಕು. ನೀರಿಗಿಳಿಯುವ ಅರ್ಧ ಗಂಟೆ ಮೊದಲೇ ಕೆನ್ನೆ, ಮೂಗು, ಕತ್ತು, ಕೈಗಳಿಗೆ ಹಚ್ಚಿ. ಹಣೆ ಮತ್ತು ಕಣ್ಣಿನ ಸುತ್ತಲನ್ನು ಬಿಟ್ಟುಬಿಡಿ, ಅಲ್ಲಿಗೆ ಟೋಪಿಯ ನೆರಳು ಸಾಕು. ಹಚ್ಚಿದ ಕೈಯನ್ನು ಸೋಪಿನಿಂದ ತೊಳೆಯದೆ ಮಾಸ್ಕಿನ ಒಳಭಾಗ ಮುಟ್ಟಬೇಡಿ.

ದ್ವೀಪಕ್ಕೆ ಒಂದರಿಂದ ಒಂದೂವರೆ ಗಂಟೆ ಬೋಟು ಪ್ರಯಾಣ. ವಾಂತಿ ಬರಬಾರದೆಂದು ಮಾತ್ರೆ ನುಂಗುವವರು ಗಮನಿಸಿ: ಆ ಮಾತ್ರೆಗಳಲ್ಲಿ ಹೆಚ್ಚಿನವು ಬಾಯಿ ಒಣಗಿಸಿದ ಹಾಗೆಯೇ ಕಣ್ಣನ್ನೂ ಒಣಗಿಸುತ್ತವೆ, ನಿದ್ದೆಯನ್ನೂ ತರುತ್ತವೆ. ಮಾತ್ರೆ ತೆಗೆದುಕೊಂಡರೆ ಇನ್‌ಸ್ಟ್ರಕ್ಟರಿಗೆ ಹೇಳಿ. ವಿದೇಶದಿಂದ ಬಂದವರು ಕೆಲವರು ಕಿವಿಯ ಹಿಂದೆ ಅಂಟಿಸುವ ಸ್ಕೊಪಾಲಮಿನ್ ಪಟ್ಟಿ ತಂದಿರುತ್ತಾರೆ. ಅದನ್ನು ಮುಟ್ಟಿದ ಬೆರಳು ಕಣ್ಣಿಗೆ ತಾಗಿದರೆ ಆ ಕಣ್ಣಿನ ಪಾಪೆ ಹಿಗ್ಗಿ ಎಲ್ಲ ಮಸುಕಾಗುತ್ತದೆ. ಡೈವ್ ಮುಗಿದ ಮೇಲೆ ಹೀಗಾದರೆ ಜೊತೆಯವರಿಗೆಲ್ಲ ಜೀವ ಬಾಯಿಗೆ ಬರುತ್ತದೆ, ಆದ್ದರಿಂದ ಪಟ್ಟಿ ಮುಟ್ಟಿದ ಕೂಡಲೇ ಕೈ ತೊಳೆಯಬೇಕು.

ಆ ದಿನ ಬೆಳಗ್ಗೆಯೇ ಕಣ್ಣು ಕೆಂಪಾಗಿದ್ದರೆ, ಪಿಸುರು ಬರುತ್ತಿದ್ದರೆ ಡೈವ್ ಮುಂದಕ್ಕೆ ಹಾಕಿ. ಕಣ್ಣಿನ ಆಪರೇಷನ್ ಆದವರು ಆಪರೇಷನ್ ಮಾಡಿದ ಡಾಕ್ಟರನ್ನು ಕೇಳದೆ ಇಳಿಯಬಾರದು. ಲೇಸಿಕ್ (ಕನ್ನಡಕ ಬಿಡಿಸುವ ಲೇಸರ್ ಆಪರೇಷನ್) ಆದವರಿಗೆ ಸಾಮಾನ್ಯವಾಗಿ ಕನಿಷ್ಠ 1 ತಿಂಗಳು ಕಾಯಲು ಹೇಳುತ್ತಾರೆ. ರೆಟಿನಾ ಆಪರೇಷನ್‌ನಲ್ಲಿ ಕಣ್ಣೊಳಗೆ ಗ್ಯಾಸ್ ತುಂಬಿಸಿದ್ದರೆ, ಆ ಗ್ಯಾಸ್ ಪೂರ್ತಿ ಕರಗಿದೆ ಅಂತ ಡಾಕ್ಟರು ಹೇಳುವವರೆಗೆ ಡೈವಿಂಗ್ ಕೂಡದು, ವಿಮಾನ ಪ್ರಯಾಣವೂ ಕೂಡದು.

ಮಾಸ್ಕು ಕೈಗೆ ಬಂದಾಗ

ಬೆಲ್ಟನ್ನು ತಲೆಗೆ ಹಾಕಿಕೊಳ್ಳದೆ ಮಾಸ್ಕನ್ನು ಮುಖಕ್ಕೆ ಒತ್ತಿ ಹಿಡಿಯಿರಿ. ಮೂಗಿನಿಂದ ಸ್ವಲ್ಪ ಗಾಳಿ ಎಳೆದುಕೊಂಡು ಕೈ ಬಿಡಿ. ಬೀಳದೆ ಮುಖಕ್ಕೆ ಕಚ್ಚಿಕೊಂಡಿದ್ದರೆ ಅದು ನಿಮ್ಮ ಮುಖಕ್ಕೆ ಹೊಂದುವ ಮಾಸ್ಕು. ಬಿದ್ದರೆ ಬೇರೆಯದು ಕೇಳಿ, ಸಂಕೋಚ ಬೇಡ. ಹೊಂದದ ಮಾಸ್ಕಿನ ಬೆಲ್ಟ್ ಬಿಗಿದರೆ ನೀರು ನಿಲ್ಲುವುದಿಲ್ಲ, ಅಂಚು ಇನ್ನಷ್ಟು ಸೊಟ್ಟಗಾಗಿ ಸೋರುವುದು ಜಾಸ್ತಿಯೇ ಆಗುತ್ತದೆ. ಅಂಚಿನ ಕೆಳಗೆ ಒಂದು ಎಳೆ ಕೂದಲು ಸಿಕ್ಕಿಕೊಂಡಿದ್ದರೂ ಸೋರುತ್ತದೆ. ಮೀಸೆ ಇರುವವರಿಗೆ ಮೂಗಿನ ಕೆಳಗೆ ಒಂದಿಷ್ಟು ನೀರು ಬರುವುದು ಸಹಜ. ತುಂಬ ಬರುತ್ತಿದ್ದರೆ ಮೂಗಿಗೆ ತಾಗಿದ ಅಂಚಿನಲ್ಲಿ ಒಂದು ಗೆರೆಯಷ್ಟು ಬೋಳಿಸಿಕೊಳ್ಳುವವರೂ ಇದ್ದಾರೆ.

ಮುಂದಿನದು ಗಾಜಿಗೆ ಮಂಜು ಕಟ್ಟದ ಹಾಗೆ ಹಚ್ಚುವ ದ್ರವ. ಕೆಲವರು ಬೇಬಿ ಶಾಂಪೂ ಬಳಸುತ್ತಾರೆ, ಕೆಲವರು ಅಂಗಡಿಯ ಆ್ಯಂಟಿ ಫಾಗ್, ಹಳಬರು ಎಂಜಲು. ಅಂಗಡಿಯ ದ್ರವಗಳಲ್ಲಿ ಆಲ್ಕೊಹಾಲ್ ಮತ್ತಿತರ ರಾಸಾಯನಿಕ ಇರಬಹುದು. ಸರಿಯಾಗಿ ತೊಳೆಯದಿದ್ದರೆ ಅದು ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯನ್ನು, ಅಂದರೆ ಕಾರ್ನಿಯಾವನ್ನು ಸುಡುತ್ತದೆ. ವಿಚಿತ್ರವೆಂದರೆ ನೀರಿನಲ್ಲಿರುವಾಗ ಇದು ಗೊತ್ತಾಗದೇ ಹೋಗಬಹುದು. ಕೆಲವು ಗಂಟೆ ಕಳೆದ ಮೇಲೆ ಎರಡೂ ಕಣ್ಣು ಉರಿಯುತ್ತವೆ, ಬೆಳಕು ನೋಡಲಾಗುವುದಿಲ್ಲ, ನೀರು ಸುರಿಯುತ್ತಲೇ ಇರುತ್ತದೆ. ಬೇಬಿ ಶಾಂಪೂ ಸೌಮ್ಯ ಅಂತ ಧಾರಾಳವಾಗಿ ಹಚ್ಚಬೇಡಿ, ಸೋಪು ಸೋಪೇ. ಒಂದೇ ಹನಿ, ಗಾಜಿನ ಒಳಮೈಗೆ ಬೆರಳಿನಿಂದ ಸವರಿ, ಒಂದು ನಿಮಿಷ ಬಿಟ್ಟು, ಎರಡು ಸಲ ತೊಳೆಯಿರಿ. ಗಾಜಿನ ಜೊತೆಗೆ ಮೂಗಿನ ಗೂಡು, ಸಿಲಿಕೋನ್ ಅಂಚಿನ ಮಡಿಕೆ, ಫ್ರೇಮಿನ ಸಂದು ಇವನ್ನೂ ತೊಳೆಯಬೇಕು. ದ್ರವ ಅಡಗಿ ಕೂರುವುದು ಅಲ್ಲೇ.

ಬೋಟಿನಲ್ಲಿ ಒಂದೇ ಬಕೆಟ್ ನೀರು ಇಟ್ಟು ಎಲ್ಲರ ಮಾಸ್ಕೂ ಅದಕ್ಕೆ ಅದ್ದುವ ರೂಢಿ ಹಲವು ಕಡೆ ಇದೆ. ನನಗೆ ಅದು ಸರಿ ಕಾಣುವುದಿಲ್ಲ. ಹತ್ತು ಜನರ ಎಂಜಲು, ಸಿಂಬಳ, ಶಾಂಪೂ ಎಲ್ಲ ಅದೇ ನೀರಿನಲ್ಲಿ. ಒಬ್ಬರಿಗೆ ಕಣ್ಣುಬೇನೆ ಇದ್ದರೆ ಇನ್ನೊಬ್ಬರಿಗೆ ದಾಟಲು ಅಷ್ಟು ಸಾಕು. ಒಂದು ಲೀಟರ್ ಕುಡಿಯುವ ನೀರಿನ ಬಾಟಲಿಯನ್ನು ಇದಕ್ಕೇ ಅಂತ ಹೆಚ್ಚಿಗೆ ಒಯ್ಯಿರಿ. ಮಾಸ್ಕನ್ನು ಅದರಿಂದ ಕೊನೆಯ ಸಲ ತೊಳೆದು ಹಾಕಿಕೊಳ್ಳಿ, ಉಳಿದದ್ದನ್ನು ಕಣ್ಣು ತೊಳೆಯಲು ಇಟ್ಟುಕೊಳ್ಳಿ.

ಸ್ವಂತಕ್ಕೆ ಹೊಸ ಮಾಸ್ಕು ಕೊಂಡವರಿಗೆ ಒಂದು ಮಾತು. ಹೊಸ ಗಾಜಿನ ಮೇಲೆ ಕಾರ್ಖಾನೆಯ ತೆಳು ಪದರ ಇರುತ್ತದೆ. ಅದು ಇರುವಷ್ಟು ದಿನ ಏನು ಹಚ್ಚಿದರೂ ಮಂಜು ಕಟ್ಟುತ್ತದೆ. ಬಿಳಿ ಟೂತ್‌ಪೇಸ್ಟಿನಿಂದ ಉಜ್ಜಿ ತೆಗೆಯುತ್ತಾರೆ. ಇದನ್ನು ಮನೆಯಲ್ಲಿ ಹಿಂದಿನ ದಿನವೇ ಮಾಡಿ, ನಲ್ಲಿಯ ಕೆಳಗೆ ಚೆನ್ನಾಗಿ ತೊಳೆಯಿರಿ. ಬೋಟಿನಲ್ಲಿ ಮಾಡುವ ಕೆಲಸವಲ್ಲ ಇದು.

ಇಳಿಯುವಾಗ ಮೂಗು ನೆನಪಿರಲಿ

ತಮ್ಮನಿಗೆ ಆದದ್ದು ಇಲ್ಲೇ. ಮೊದಲ ಸಲ ಇಳಿಯುವವರಿಗೆ ಹತ್ತು ಸಲ ಹೇಳುವ ಮಾತು "ಬಾಯಿಂದಲೇ ಉಸಿರಾಡಿ, ಮೂಗಿನಿಂದ ಬೇಡ." ಮಾತು ಸರಿಯೇ. ಆದರೆ ಅದರ ಇನ್ನರ್ಧ ಹೇಳದೆ ಬಿಟ್ಟರೆ, ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದವರಿಗೇ ಪೆಟ್ಟು ಬೀಳುತ್ತದೆ.

ಚಿಕ್ಕವರಿದ್ದಾಗ ಸ್ಟೀಲ್ ಲೋಟವನ್ನು ಬಾಯಿಗೆ ಕಚ್ಚಿ ಒಳಗಿನ ಗಾಳಿ ಎಳೆದು ಆಟ ಆಡಿದ್ದು ನೆನಪಿದೆಯೇ? ಲೋಟ ತುಟಿಗೆ ಅಂಟಿಕೊಳ್ಳುತ್ತದೆ, ತೆಗೆದ ಮೇಲೆ ಬಾಯಿ ಸುತ್ತ ಕೆಂಪು ಬಳೆ ಮೂಡಿರುತ್ತದೆ. ಮಾಸ್ಕಿನಲ್ಲಿ ಆಗುವುದೂ ಅದೇ. ಸಮುದ್ರದ ಮೇಲೆ ನಮ್ಮ ಮೇಲಿರುವುದು 1 ಅಟ್ಮಾಸ್ಫಿಯರ್ ಒತ್ತಡ. 10 ಮೀಟರ್ ಇಳಿದರೆ ಅದು 2 ಆಗುತ್ತದೆ, ಮಾಸ್ಕಿನೊಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಗಾಜು ಕುಗ್ಗುವುದಿಲ್ಲ. ಸಿಲಿಕೋನ್ ಅಂಚು ಒಂದಿಷ್ಟು ಅಮುಕಿಕೊಳ್ಳುತ್ತದೆ. ಉಳಿದ ಜಾಗ ತುಂಬಲು ಮುಖದ ಚರ್ಮ, ರೆಪ್ಪೆ, ಕಣ್ಣಿನ ಮೇಲ್ಪೊರೆ ಮುಂದಕ್ಕೆ ಎಳೆಯಲ್ಪಡುತ್ತವೆ. ಬಿಳಿಭಾಗದ ಮೇಲಿನ ಕೂದಲೆಳೆಯಂಥ ರಕ್ತನಾಳಗಳು ಆ ಎಳೆತಕ್ಕೆ ಒಡೆಯುತ್ತವೆ. ಡೈವಿಂಗ್ ಕಲಿತವರು ಇದಕ್ಕೆ ಮಾಸ್ಕ್ ಸ್ಕ್ವೀಜ್ ಅನ್ನುತ್ತಾರೆ.

ಆಳಕ್ಕೆ ಹೋದವರಿಗಷ್ಟೇ ಇದು ಅಂದುಕೊಳ್ಳಬೇಡಿ. 20 ಮೀಟರಿನಿಂದ 30ಕ್ಕೆ ಇಳಿದಾಗ ಗಾಳಿ ಮೂರನೇ ಒಂದರಿಂದ ನಾಲ್ಕನೇ ಒಂದಕ್ಕೆ ಬರುತ್ತದೆ, ಬದಲಾವಣೆ ಸಣ್ಣದು. ಮೇಲಿನಿಂದ ಮೊದಲ 10 ಮೀಟರ್ ಇಳಿಯುವಾಗ ಮಾತ್ರ ಪೂರ್ತಿ ಇದ್ದದ್ದು ಅರ್ಧ ಆಗುತ್ತದೆ. ಪ್ರವಾಸಿಗರನ್ನು ಮೊದಲ ಡೈವ್‌ಗೆ ಕರೆದೊಯ್ಯುವ ಆಳ ಇದೇ ಸುಮಾರಿನದು. ಅಂದರೆ ಏನೂ ಗೊತ್ತಿಲ್ಲದವರು ಈಜುವ ಜಾಗವೇ ಒತ್ತಡ ಅತಿ ವೇಗವಾಗಿ ಬದಲಾಗುವ ಜಾಗ.

ಪರಿಹಾರ ಬಹಳ ಸುಲಭ. ಇಳಿಯುವಾಗ ಕಿವಿಯ ಒತ್ತಡ ಸರಿಮಾಡಲು ಮೂಗು ಹಿಡಿದು ಊದುತ್ತೀರಲ್ಲ, ಪ್ರತಿ ಸಲ ಅದಾದ ಮೇಲೆ ಮೂಗು ಬಿಟ್ಟು, ಮೂಗಿನಿಂದ ಒಂದು ಸಣ್ಣ ಉಸಿರನ್ನು ಮಾಸ್ಕಿನೊಳಗೆ ಬಿಡಿ. ಕನ್ನಡಕದ ಗಾಜು ಒರೆಸುವಾಗ "ಹಾ" ಅಂತ ಊದುತ್ತೇವಲ್ಲ, ಅಷ್ಟೇ ಮೆಲ್ಲಗೆ. ಮೀಟರಿಗೋ ಎರಡು ಮೀಟರಿಗೋ ಒಂದು ಸಲ. ಮುಖದ ಮೇಲೆ ಬಿಗಿತ ಅನ್ನಿಸುವವರೆಗೆ ಕಾಯಬೇಡಿ. ಬಿಗಿತ ಬಂದೇಬಿಟ್ಟರೆ ಇಳಿಯುವುದನ್ನು ನಿಲ್ಲಿಸಿ, ಇನ್‌ಸ್ಟ್ರಕ್ಟರಿಗೆ ಕೈ ಅಡ್ಡಡ್ಡ ಅಲುಗಿಸಿ "ತೊಂದರೆ ಇದೆ" ಅಂತ ತೋರಿಸಿ, ಮಾಸ್ಕಿನ ಕಡೆ ಬೆರಳು ಮಾಡಿ, ಮೂಗಿನಿಂದ ಉಸಿರು ಬಿಡಿ. ಬಿಗಿತ ತಕ್ಷಣ ಸಡಿಲವಾಗುವುದು ನಿಮಗೇ ಗೊತ್ತಾಗುತ್ತದೆ.

ಇದೇ ಕಾರಣಕ್ಕೆ ಈಜುಕೊಳದ ಗಾಗಲ್ ಹಾಕಿಕೊಂಡು ಆಳಕ್ಕೆ ಮುಳುಗಬಾರದು. ಅದರೊಳಗೆ ಮೂಗು ಇಲ್ಲ, ಗಾಳಿ ಸೇರಿಸಲು ದಾರಿಯೇ ಇಲ್ಲ. ಆಳದ ಕೊಳದಲ್ಲಿ ಮಕ್ಕಳು ತಳ ಮುಟ್ಟಿ ಬರುವ ಪಂದ್ಯ ಆಡುವಾಗ ಇದು ಹೇಳಿಕೊಡಿ.

ಮಾಸ್ಕಿನೊಳಗೆ ನೀರು ಬಂದರೆ ಕಣ್ಣು ಮುಚ್ಚಿಕೊಂಡರೂ ಪರವಾಗಿಲ್ಲ. ಮುಖ ಸ್ವಲ್ಪ ಮೇಲೆತ್ತಿ, ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತಿ, ಮೂಗಿನಿಂದ ನಿಧಾನವಾಗಿ ಉದ್ದಕ್ಕೆ ಊದಿದರೆ ನೀರು ಕೆಳಗಿನಿಂದ ಹೊರಟುಹೋಗುತ್ತದೆ. ದಡದ ಹತ್ತಿರ ಮೊಣಕಾಲುದ್ದ ನೀರಿನಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿಸಿ ಅಂತ ಕೇಳಿ. ದುಡ್ಡು ಕೊಟ್ಟಿದ್ದೀರಿ, ಕೇಳುವ ಹಕ್ಕಿದೆ.

ಮೇಲೆ ಬಂದ ಮೊದಲ ಹತ್ತು ನಿಮಿಷ

ಕಣ್ಣು ಉಜ್ಜಬೇಡಿ. ಈ ಲೇಖನದಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವವರು ಇದನ್ನು ಇಟ್ಟುಕೊಳ್ಳಿ. ರೆಪ್ಪೆಯ ಮೇಲೆ ಉಪ್ಪು, ಮರಳಿನ ಕಣ, ಸನ್‌ಸ್ಕ್ರೀನ್ ಎಲ್ಲ ಇರುತ್ತದೆ. ಒದ್ದೆ ಟವೆಲ್ಲಿನಿಂದ ಉಜ್ಜಿದರೆ ಕಾರ್ನಿಯಾ ಗೀರುತ್ತದೆ. ಸುಮ್ಮನೆ ಬಿಟ್ಟಿದ್ದರೆ ಅರ್ಧ ಗಂಟೆಗೆ ಇಳಿಯುತ್ತಿದ್ದ ಉರಿ, ಗೀರಿನಿಂದ ಎರಡು ದಿನದ ನೋವಾಗುತ್ತದೆ.

ಸಮುದ್ರದ ನೀರಿನಲ್ಲಿ ಉಪ್ಪು ಸುಮಾರು ಶೇ 3.5, ನಮ್ಮ ಕಣ್ಣೀರಿನಲ್ಲಿ ಶೇ 0.9ರ ಆಸುಪಾಸು. ಆ ವ್ಯತ್ಯಾಸಕ್ಕೆ ಕಣ್ಣಿನ ಮೇಲ್ಮೈಯ ನೀರಿನಂಶ ಹೊರಗೆ ಎಳೆಯಲ್ಪಟ್ಟು ಚುರುಚುರು ಅನ್ನುತ್ತದೆ. ಬರೀ ಉಪ್ಪುನೀರಿನ ಉರಿಯಾದರೆ ಕಣ್ಣೀರೇ ತೊಳೆದು ಸರಿಮಾಡುತ್ತದೆ. ತಡೆಯಲಾಗದಿದ್ದರೆ ಒಯ್ದಿದ್ದ ಬಾಟಲಿ ತೆಗೆಯಿರಿ. ಉರಿಯುವ ಕಣ್ಣು ಕೆಳಗೆ ಬರುವ ಹಾಗೆ ತಲೆಯನ್ನು ಪಕ್ಕಕ್ಕೆ ವಾಲಿಸಿ. ಜೊತೆಯವರು ಎರಡು ಬೆರಳಿನಿಂದ ರೆಪ್ಪೆ ಬಿಡಿಸಿ ಹಿಡಿದು, ಮೂಗಿನ ಕಡೆಯ ಮೂಲೆಯಿಂದ ಕಿವಿಯ ಕಡೆಗೆ ಹರಿಯುವ ಹಾಗೆ ಸಣ್ಣ ಧಾರೆಯಲ್ಲಿ ನೀರು ಬಿಡಲಿ. ಹೀಗೆ ಮಾಡಿದರೆ ಒಂದು ಕಣ್ಣಿನ ಕೊಳೆ ಇನ್ನೊಂದಕ್ಕೆ ಹೋಗುವುದಿಲ್ಲ. ಲೆನ್ಸ್ ಇದ್ದರೆ ಮೊದಲು ತೆಗೆಯಬೇಕು, ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಶಾಂಪೂ ಅಥವಾ ಆ್ಯಂಟಿ ಫಾಗ್ ಹೋಗಿದೆ ಅನ್ನಿಸಿದರೆ ಎರಡು ಚಮಚ ನೀರು ಚಿಮುಕಿಸಿದರೆ ಸಾಲದು. ಗಡಿಯಾರ ನೋಡಿಕೊಂಡು 15 ನಿಮಿಷವಾದರೂ ತೊಳೆಯಬೇಕು. ಬೋಟಿನಲ್ಲಿರುವ ಎಲ್ಲರ ಬಾಟಲಿಗಳನ್ನೂ ಕೇಳಿ ಪಡೆಯಿರಿ.

ಮಳೆಗಾಲ ಮುಗಿದ ಮೇಲೆ ಜೆಲ್ಲಿಫಿಶ್ ಕಾಟ ಇರುವ ದಿನಗಳುಂಟು. ಅದರ ಎಳೆ ಕಣ್ಣಿನ ಹತ್ತಿರ ತಾಗಿದರೆ, ಕೈಕಾಲಿಗೆ ಹಾಕುವ ವಿನೆಗರನ್ನು ಕಣ್ಣಿಗೆ ಹಾಕಬೇಡಿ. ನೀರಿನಿಂದ ತೊಳೆದು ಅದೇ ದಿನ ಕಣ್ಣಿನ ಡಾಕ್ಟರನ್ನು ನೋಡಿ.

ಕಣ್ಣು ತೊಳೆದಾದ ಮೇಲೆ ತಂಪು ಕನ್ನಡಕ ಹಾಕಿಕೊಳ್ಳಿ. ನೀರಿನ ಮೇಲೆ ಬಿಸಿಲು ಕೆಳಗಿನಿಂದಲೂ ಹೊಡೆಯುತ್ತದೆ, ಬೋಟಿನ ಗಾಳಿ ಕಣ್ಣು ಒಣಗಿಸುತ್ತದೆ. ಇಂಜಿನ್ನಿನ ಹೊಗೆ ಬರುವ ಕಡೆ ಕೂರಬೇಡಿ.

ಸಂಜೆ ಕನ್ನಡಿಯ ಮುಂದೆ

ಕೆಂಪು ಅಂದರೆ ಒಂದೇ ಕೆಂಪಲ್ಲ. ಹತ್ತಿರದಿಂದ, ಬೆಳಕಿನಲ್ಲಿ ನೋಡಿಕೊಳ್ಳಿ.

ಬಿಳಿಭಾಗದಲ್ಲಿ ಬಣ್ಣ ಬಳಿದ ಹಾಗೆ ಗಟ್ಟಿ ಕೆಂಪು, ಅಂಚು ಸ್ಪಷ್ಟ, ನೋವಿಲ್ಲ, ದೃಷ್ಟಿ ಮೊದಲಿನಷ್ಟೇ ಚೆನ್ನಾಗಿದೆ. ಇದು ಮಾಸ್ಕ್ ಸ್ಕ್ವೀಜಿನಿಂದ ಮೇಲ್ಪೊರೆಯ ಕೆಳಗೆ ಹರಡಿದ ರಕ್ತ. ನೋಡಲು ಭಯಂಕರ, ಅಪಾಯ ಕಡಿಮೆ. ಎರಡನೇ ದಿನ ಇನ್ನೂ ಅಗಲವಾದ ಹಾಗೆ ಕಾಣುತ್ತದೆ, ಆಗ ಹೆದರುತ್ತಾರೆ. ಹೊಸ ರಕ್ತ ಬಂದಿರುವುದಿಲ್ಲ, ಇದ್ದದ್ದೇ ಹರಡಿರುತ್ತದೆ. ಆಮೇಲೆ ಮೈಮೇಲಿನ ಕಂದುಗಟ್ಟಿದ ಪೆಟ್ಟಿನ ಹಾಗೆ ಹಳದಿಗೆ ತಿರುಗಿ ಒಂದರಿಂದ ಮೂರು ವಾರದೊಳಗೆ ಮಾಯವಾಗುತ್ತದೆ. ಮೊದಲ ದಿನ ಸ್ವಚ್ಛ ಬಟ್ಟೆಯನ್ನು ತಣ್ಣೀರಿನಲ್ಲಿ ಹಿಂಡಿ, ಮುಚ್ಚಿದ ರೆಪ್ಪೆಯ ಮೇಲೆ ಇಟ್ಟರೆ ಊತಕ್ಕೆ ಹಿತ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ತಮ್ಮ ಡಾಕ್ಟರಿಗೆ ಒಂದು ಮಾತು ತಿಳಿಸಿ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬೇಡಿ.

ನೂಲೆಳೆಯಂತೆ ರಕ್ತನಾಳಗಳು ಎದ್ದು ಕಾಣುವ ತಿಳಿ ಕೆಂಪು, ಜೊತೆಗೆ ಸಣ್ಣ ಉರಿ ಇದ್ದರೆ ಅದು ಉಪ್ಪು, ಬಿಸಿಲು, ಗಾಳಿಯ ಕೆಲಸ. ಈಜುಕೊಳದಲ್ಲಿ ತರಬೇತಿ ಪಡೆದವರಿಗೆ ಕ್ಲೋರಿನ್ನಿನಿಂದಲೂ ಹೀಗಾಗುತ್ತದೆ. ರಾತ್ರಿ ನಿದ್ದೆ ಮಾಡಿ ಏಳುವಷ್ಟರಲ್ಲಿ ಇಳಿಯಬೇಕು.

ಕಣ್ಣು ಮಿಟುಕಿಸಿದಾಗಲೆಲ್ಲ ಮರಳು ಉಜ್ಜಿದ ಹಾಗೆ, ಬೆಳಕು ನೋಡಲಾಗುತ್ತಿಲ್ಲ, ನೀರು ನಿಲ್ಲುತ್ತಿಲ್ಲ ಅಂದರೆ ಕಾರ್ನಿಯಾ ಗೀರಿರಬಹುದು ಅಥವಾ ರಾಸಾಯನಿಕದಿಂದ ಸುಟ್ಟಿರಬಹುದು. ಇದನ್ನು ಕನ್ನಡಿಯಲ್ಲಿ ಕಂಡುಹಿಡಿಯಲು ಆಗುವುದಿಲ್ಲ. ಡಾಕ್ಟರು ಕಿತ್ತಳೆ ಬಣ್ಣದ ಒಂದು ಹನಿ ಹಾಕಿ ನೀಲಿ ಬೆಳಕು ಬಿಟ್ಟರೆ ಗೀರಿದ ಜಾಗ ಮಾತ್ರ ಹಸಿರಾಗಿ ಹೊಳೆಯುತ್ತದೆ. ನಾನು ಪಕ್ಕದ ಪರದೆಯಲ್ಲಿ ಒಮ್ಮೆ ನೋಡಿದ್ದೆ, ಗುಂಡುಸೂಜಿಯ ತುದಿಯಷ್ಟು ಗೀರು, ಆ ಮನುಷ್ಯ ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲ. ಬೇಗ ತೋರಿಸಿದರೆ ಇಂಥ ಗೀರು ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಮಾಯುತ್ತದೆ.

ಪಿಸುರು ಕಟ್ಟಿ ಬೆಳಗ್ಗೆ ರೆಪ್ಪೆ ಅಂಟಿಕೊಂಡರೆ ಸೋಂಕು. ಟವೆಲ್, ದಿಂಬು ಬೇರೆ ಮಾಡಿಕೊಳ್ಳಿ, ತೋರಿಸಿ.

ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ

ಲೆನ್ಸ್ ಹಾಕಿಕೊಂಡು ಡೈವ್ ಮಾಡುವವರು ಬಹಳ ಜನ. ಮೆತ್ತನೆಯ ಲೆನ್ಸ್ ಆದರೆ ಒತ್ತಡದಿಂದ ತೊಂದರೆ ಇಲ್ಲ. ಗಾಳಿಯಾಡದ ಹಳೆಯ ಗಟ್ಟಿ ಲೆನ್ಸ್ ಬೇಡ. ಮೇಲೆ ಬರುವಾಗ ಕಣ್ಣೀರಿನಿಂದ ಹೊರಡುವ ಸಾರಜನಕದ ಗುಳ್ಳೆ ಅದರ ಕೆಳಗೆ ಸಿಕ್ಕಿಕೊಂಡು ಕಾರ್ನಿಯಾ ಊದುತ್ತದೆ, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ.

ಮೆತ್ತನೆ ಲೆನ್ಸಿನ ನಿಜವಾದ ಅಪಾಯ ರೋಗಾಣುಗಳದ್ದು. ಸಮುದ್ರದ ನೀರಿರಲಿ ನಲ್ಲಿಯ ನೀರಿರಲಿ, ಅಕಾಂತಮೀಬಾದಂಥ ಜೀವಿಗಳು ಲೆನ್ಸಿನ ಅಡಿ ಸೇರಿದರೆ ಕಾರ್ನಿಯಾಕ್ಕೆ ಹುಣ್ಣಾಗಿ ದೃಷ್ಟಿಯೇ ಹೋಗಬಹುದು. ಅಪರೂಪ, ಆದರೆ ಬಂದರೆ ತಿಂಗಳುಗಟ್ಟಲೆ ಕಾಡುತ್ತದೆ. ಹಾಗಾಗಿ ಡೈವ್ ದಿನಕ್ಕೆ ಒಂದು ದಿನ ಹಾಕಿ ಎಸೆಯುವ ಲೆನ್ಸನ್ನೇ ಬಳಸಿ, ಮುಗಿದ ಮೇಲೆ ಎಸೆಯಿರಿ. ಉಪ್ಪುನೀರು ತಾಗಿದ ಲೆನ್ಸ್ ಬಿಗಿದು ಕಣ್ಣಿಗೆ ಅಂಟಿಕೊಂಡಿರುತ್ತದೆ. ಕೂಡಲೇ ಕೀಳಲು ಹೋದರೆ ಕಾರ್ನಿಯಾದ ಮೇಲ್ಪದರವೂ ಕಿತ್ತು ಬರುತ್ತದೆ. ಲೆನ್ಸಿನ ಡ್ರಾಪ್ಸ್ ನಾಲ್ಕು ಹನಿ ಹಾಕಿ, ಐದು ಹತ್ತು ನಿಮಿಷ ಕಣ್ಣು ಮಿಟುಕಿಸುತ್ತಾ ಕಾದು, ರೆಪ್ಪೆಯೊಳಗೆ ಅದು ಸರಾಗವಾಗಿ ಜಾರಲು ಶುರುವಾದ ಮೇಲೆ, ಶುದ್ಧ ಕೈಯಿಂದ ತೆಗೆಯಿರಿ. ಶಾಂಪೂ, ರಾಸಾಯನಿಕ ಹೋಗಿ ಉರಿಯುತ್ತಿದ್ದರೆ ಮಾತ್ರ ಇಷ್ಟು ಕಾಯಬೇಡಿ, ನೀರು ಬಿಡುತ್ತಲೇ ತೆಗೆಯಿರಿ. ತೆಗೆದ ಮೇಲೂ ನೋವು, ಬೆಳಕಿನ ಅಸಹನೆ ಇದ್ದರೆ ಅದೇ ದಿನ ಡಾಕ್ಟರು, ಮರುದಿನವಲ್ಲ.

ವರ್ಷಕ್ಕೆ ನಾಲ್ಕಾರು ಸಲ ಡೈವ್ ಮಾಡುವವರು ಪವರ್ ಇರುವ ಮಾಸ್ಕು ತೆಗೆದುಕೊಳ್ಳಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎಡಕ್ಕೊಂದು ಬಲಕ್ಕೊಂದು ಬೇರೆ ಪವರಿನ ಗಾಜು ಹಾಕುವ ಮಾದರಿಗಳಿವೆ. ನೀರಿನಲ್ಲಿ ಎಲ್ಲವೂ ಮೂರನೇ ಒಂದರಷ್ಟು ದೊಡ್ಡದಾಗಿ, ಸ್ವಲ್ಪ ಹತ್ತಿರವಾಗಿಯೂ ಕಾಣುವುದರಿಂದ ಸಣ್ಣ ಮೈನಸ್ ಪವರ್ ಇರುವವರು ಏನೂ ಇಲ್ಲದೆಯೇ ನಿಭಾಯಿಸುವುದೂ ಉಂಟು.

ಡ್ರಾಪ್ಸ್ ಮತ್ತು ಮನೆಮದ್ದು

ಮೆಡಿಕಲ್ ಶಾಪಿನಲ್ಲಿ ಕೇಳಬಹುದಾದದ್ದು ಒಂದೇ: ಲೂಬ್ರಿಕೇಟಿಂಗ್ ಐ ಡ್ರಾಪ್ಸ್, ಅಂದರೆ ಕೃತಕ ಕಣ್ಣೀರು. ಲೇಬಲ್ಲಿನಲ್ಲಿ ಸಾಮಾನ್ಯವಾಗಿ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಅಂತ ಇರುತ್ತದೆ. ದಿನಕ್ಕೆ ನಾಲ್ಕು ಸಲ ಹಾಕಿದರೆ ಒಣ ಕಣ್ಣಿಗೆ, ಉರಿಗೆ ಹಿತ.

ಲೇಬಲ್ಲಿನಲ್ಲಿ ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್ ಇಂಥ ಹೆಸರು ಕಂಡರೆ ಅದು ಸ್ಟಿರಾಯ್ಡ್. ನಾನು ತಮ್ಮನಿಗೆ ತಂದುಕೊಟ್ಟದ್ದು ಆ್ಯಂಟಿಬಯಾಟಿಕ್ ಜೊತೆ ಸ್ಟಿರಾಯ್ಡ್ ಬೆರೆತದ್ದು. ಹಾಕಿದ ಕೂಡಲೇ ಕೆಂಪು ಇಳಿಯುತ್ತದೆ, ಅದಕ್ಕೇ ಜನ ನಂಬುತ್ತಾರೆ. ಗೀರಿದ ಕಣ್ಣಿನಲ್ಲಿ ಶಿಲೀಂಧ್ರದ ಸೋಂಕೋ ಹರ್ಪಿಸ್ ಸೋಂಕೋ ಇದ್ದರೆ ಅದನ್ನು ಇದು ಬೆಳೆಸುತ್ತದೆ, ಬಹಳ ದಿನ ಹಾಕಿದರೆ ಕಣ್ಣಿನ ಒತ್ತಡ ಏರಿಸುತ್ತದೆ. ಡಾಕ್ಟರು ಕಣ್ಣು ಪರೀಕ್ಷೆ ಮಾಡಿ ಬರೆದುಕೊಟ್ಟರೆ ಮಾತ್ರ ಹಾಕಬೇಕಾದ ಔಷಧಿ ಇದು. ಕಣ್ಣು ಬೆಳ್ಳಗೆ ಮಾಡುವ ಡ್ರಾಪ್ಸ್ ಕೂಡ ಬೇಡ, ರಕ್ತನಾಳವನ್ನು ಸ್ವಲ್ಪ ಹೊತ್ತು ಕುಗ್ಗಿಸಿ ಆಮೇಲೆ ಮೊದಲಿಗಿಂತ ಕೆಂಪಾಗಿಸುತ್ತದೆ.

ಊರಿನಲ್ಲಿ ಅಜ್ಜಿ ಹೇಳುವ ನಂದಿಬಟ್ಟಲು ಹೂವನ್ನು ತೊಳೆದು ಮುಚ್ಚಿದ ಕಣ್ಣಿನ ಮೇಲೆ ತಂಪಿಗೆ ಇಟ್ಟುಕೊಂಡರೆ ನನ್ನ ತಕರಾರಿಲ್ಲ. ಅದರ ರಸ ಹಿಂಡಿ ಒಳಗೆ ಬಿಡಬೇಡಿ. ಜೇನುತುಪ್ಪ, ಹರಳೆಣ್ಣೆ, ಎದೆಹಾಲು ಕೂಡ ಬೇಡ. ಗೀರಿದ ಕಾರ್ನಿಯಾಕ್ಕೆ ಇವು ಸೋಂಕು ಅಂಟಿಸುತ್ತವೆ.

ಇಂಥವು ಕಂಡರೆ ಕಾಯಬೇಡಿ

ಮಾಸ್ಕ್ ಸ್ಕ್ವೀಜ್ ಆದವರಲ್ಲಿ ಅಪರೂಪಕ್ಕೆ ಕಣ್ಣುಗುಡ್ಡೆಯ ಹಿಂದೆಯೂ ರಕ್ತ ತುಂಬುತ್ತದೆ. ಆಗ ಕಣ್ಣು ಮುಂದಕ್ಕೆ ಉಬ್ಬುತ್ತದೆ, ಒಳಗೆ ಒತ್ತುವಂಥ ನೋವು, ದೃಷ್ಟಿ ಮಂದ, ಒಂದು ಎರಡಾಗಿ ಕಾಣುವುದು. ಇದು ಗಂಟೆಗಳ ಲೆಕ್ಕದ ತುರ್ತು.

ಇನ್ನೊಂದು ಇದಕ್ಕಿಂತ ಗಂಭೀರ, ಅದರ ಮೂಲ ಕಣ್ಣಲ್ಲ. ನೋವಿಲ್ಲದೆ ದೃಷ್ಟಿ ಮಸುಕಾಗುವುದು, ಎರಡೆರಡು ಕಾಣುವುದು, ನೋಟದ ಒಂದು ಪಾಲು ಕತ್ತಲಾಗುವುದು, ಜೊತೆಗೆ ತಲೆಸುತ್ತು, ಕೈಕಾಲು ಜೋಮು, ನಡಿಗೆ ತಡವರಿಕೆ, ಮಾತು ತೊದಲುವುದು, ಕೀಲು ನೋವು. ಡೈವ್ ಆದ ಮೇಲೆ ಹೀಗಾದರೆ ರಕ್ತದಲ್ಲಿ ಗಾಳಿಗುಳ್ಳೆ ಸೇರಿರುವ ಸಂಶಯ ಪಡಬೇಕು. ಉಸಿರು ಬಿಗಿಹಿಡಿದು ಮೇಲೆ ಬಂದವರಿಗೆ ಇದು ಕೆಲವೇ ನಿಮಿಷಗಳಲ್ಲಿ ಕಾಣಿಸಬಹುದು, ಡೀಕಂಪ್ರೆಷನ್ ಕಾಯಿಲೆಯಾದರೆ, ಅಂದರೆ ಆಳದಲ್ಲಿ ಮೈಯೊಳಗೆ ಕರಗಿದ್ದ ಸಾರಜನಕ ಮೇಲೆ ಬಂದಾಗ ಗುಳ್ಳೆಯಾದರೆ, ಕೆಲವು ಗಂಟೆ ತಡವಾಗಿಯೂ ಬರಬಹುದು. ಅಂಗಾತ ಮಲಗಿಸಿ, ಬೋಟಿನಲ್ಲಿರುವ ಆಮ್ಲಜನಕ ಕೊಡಲು ಹೇಳಿ, ದಡದಲ್ಲಿ 108ಕ್ಕೆ ಕರೆ ಮಾಡಿ ಆಂಬ್ಯುಲೆನ್ಸ್ ಸಿದ್ಧವಿರಲಿ. ಮತ್ತೆ ನೀರಿಗಿಳಿಸಿ ಸರಿಮಾಡುವ ಪ್ರಯತ್ನ ಬೇಡವೇ ಬೇಡ. ಆಸ್ಪತ್ರೆಯಲ್ಲಿ ಮೊದಲ ಮಾತೇ "ಸ್ಕೂಬಾ ಡೈವ್ ಮಾಡಿದ್ದಾರೆ" ಅಂತಿರಲಿ. ಎಷ್ಟು ಆಳ, ಎಷ್ಟು ಹೊತ್ತು, ಎಷ್ಟು ಗಂಟೆಗೆ ಮೇಲೆ ಬಂದರು ಅಂತ ಬರೆದುಕೊಂಡು ಹೋಗಿ. ಇದಕ್ಕೆ ಬೇಕಾದ, ಗಾಳಿಯ ಒತ್ತಡ ಏರಿಸಿ ಚಿಕಿತ್ಸೆ ಕೊಡುವ ಒತ್ತಡದ ಕೋಣೆ ಎಲ್ಲ ಊರಲ್ಲೂ ಇರುವುದಿಲ್ಲ. ಬುಕ್ ಮಾಡುವಾಗಲೇ ಬೋಟಿನಲ್ಲಿ ಆಮ್ಲಜನಕ ಇದೆಯೇ, ಹತ್ತಿರದ ಒತ್ತಡದ ಕೋಣೆ ಎಲ್ಲಿದೆ ಅಂತ ಕೇಳಿ. ಉತ್ತರ ಗೊತ್ತಿಲ್ಲದವರ ಜೊತೆ ನಾನು ನೀರಿಗಿಳಿಯುವುದಿಲ್ಲ.

ಬೆಂಗಳೂರಿನಿಂದ ಬಂದವರು ಇದನ್ನೂ ಗಮನಿಸಿ. ಎತ್ತರಕ್ಕೆ ಹೋದರೆ ಗಾಳಿಯ ಒತ್ತಡ ಇಳಿದು ಇದೇ ಗುಳ್ಳೆಗಳ ಅಪಾಯ ಹೆಚ್ಚುತ್ತದೆ. ಡೈವ್ ಆದ ಮೇಲೆ ವಿಮಾನ ಹತ್ತಲು ಒಂದೇ ಡೈವ್ ಆದರೆ 12 ಗಂಟೆ, ಹಲವು ಆದರೆ 18 ಗಂಟೆ ಕಾಯಬೇಕೆಂದು ಡೈವಿಂಗ್ ಸುರಕ್ಷತೆಯ ಸಂಸ್ಥೆಯಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳುತ್ತದೆ, ಮತ್ತು ಆ ಲೆಕ್ಕ 2,000 ಅಡಿ ಎತ್ತರದಿಂದಲೇ ಶುರು. ಬೆಂಗಳೂರು ಇರುವುದು ಸುಮಾರು 3,000 ಅಡಿಯಲ್ಲಿ. ಎರಡು ಮೂರು ಡೈವ್ ಮಾಡಿ ಅದೇ ಸಂಜೆ ಘಾಟಿ ಹತ್ತುವ ಬಸ್ಸಿಗೆ ಕೂರುವ ಬದಲು ಒಂದು ರಾತ್ರಿ ಕಡಲ ಬದಿಯಲ್ಲೇ ಕಳೆಯಿರಿ.

ಮತ್ತೆ ಯಾವಾಗ

ರಕ್ತ ಇಳಿದ ಕಣ್ಣು ಪೂರ್ತಿ ಬೆಳ್ಳಗಾಗುವವರೆಗೆ, ಗೀರಾದವರು ಮಾಯಿತು ಅಂತ ಡಾಕ್ಟರು ಹೇಳುವವರೆಗೆ, ಸೋಂಕಾದವರು ಔಷಧಿ ಮುಗಿದು ಕಣ್ಣು ತಿಳಿಯಾಗುವವರೆಗೆ ಮಾಸ್ಕು ಹಾಕಬೇಡಿ.

ಸ್ವಂತ ಮಾಸ್ಕು ಇದ್ದರೆ ಆ ದಿನವೇ ಸಿಹಿನೀರಿನಲ್ಲಿ ನೆನೆಸಿ, ಮಡಿಕೆಗಳಲ್ಲಿ ಸಿಕ್ಕ ಮರಳನ್ನು ಮೆತ್ತನೆ ಬ್ರಷ್ಷಿನಿಂದ ತೆಗೆದು, ನೆರಳಿನಲ್ಲಿ ಆರಿಸಿ. ಒದ್ದೆಯಿದ್ದಾಗಲೇ ಡಬ್ಬಿಗೆ ಹಾಕಿದರೆ ಸಿಲಿಕೋನ್ ಅಂಚಿನಲ್ಲಿ ಕಪ್ಪು ಬೂಷ್ಟು ಕೂರುತ್ತದೆ. ಮಳೆಗಾಲದಲ್ಲಿ ನೇತ್ರಾಣಿಗೆ ಬೋಟು ಹೋಗುವುದಿಲ್ಲ, ಮಾಸ್ಕು ಅಷ್ಟು ತಿಂಗಳು ಕಪಾಟಿನಲ್ಲೇ ಇರುತ್ತದೆ. ಅಕ್ಟೋಬರಿನಲ್ಲಿ ಹೊರತೆಗೆದಾಗ ಅಂಚನ್ನು ಬೆರಳಿನಿಂದ ಸವರಿ ನೋಡಿ. ಬಿರುಕು, ಜಿಗುಟು, ಕಪ್ಪು ಚುಕ್ಕೆ ಕಂಡರೆ ಹೊಸದು ಕೊಳ್ಳಿ.